ಒಂದೇ ಹಲಗೆ, ಎರಡು ಕೈ



ಧರ್ಮಕೇಂದ್ರದ ಹಬ್ಬದ ದಿನ ಕಾಣಿಕೆ ಸ್ವೀಕರಿಸುವ ಮೇಜಿನ ಬಳಿ ನೀವು ಎಂದಾದರೂ ಕುಳಿತಿದ್ದೀರಾ? ಹಿಂದೆ ನಮ್ಮಲ್ಲಿ ಆವರೆಗಿನ ಒಟ್ಟು ಮೊತ್ತವನ್ನು ಕರಿಹಲಗೆಯ ಮೇಲೆ ಬರೆದಿಡುವ ರೂಢಿಯಿತ್ತು. ಕಾಣಿಕೆ ಬಂದಾಗಲೆಲ್ಲ ಹಲಗೆಯ ಮೇಲಿನ ಅಂಕಿಯನ್ನು ನೋಡಿ, ಮನಸ್ಸಿನಲ್ಲೇ ಕೂಡಿ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯಬೇಕು. ಒಂದು ವರ್ಷ ಜನಸಂದಣಿ ಹೆಚ್ಚಾಗಿತ್ತೆಂದು ಇಬ್ಬರು ಕುಳಿತೆವು. ಹಲಗೆಯ ಮೇಲೆ 12,000 ಇತ್ತು. ನನ್ನ ಕೈಗೆ 500 ರೂಪಾಯಿ ಬಂತು. ಪಕ್ಕದಲ್ಲಿದ್ದ ಹಿರಿಯರ ಕೈಗೆ 200. ಇಬ್ಬರೂ ಅದೇ 12,000ವನ್ನು ನೋಡಿಕೊಂಡೆವು. ನಾನು 12,500 ಎಂದು ಬರೆದು ಮುಂದಿನವರ ಕಡೆಗೆ ತಿರುಗಿದೆ. ಹಿರಿಯರು ಅದನ್ನು ಅಳಿಸಿ 12,200 ಎಂದು ಬರೆದರು. ರಾತ್ರಿ ಎಣಿಸಿದಾಗ ಪೆಟ್ಟಿಗೆಯಲ್ಲಿ ಹಲಗೆಗಿಂತ 500 ಹೆಚ್ಚಿತ್ತು. ಹೆಚ್ಚಿದ್ದುದರಿಂದ ಎಲ್ಲರೂ ನಕ್ಕರು. ಕಡಿಮೆಯಿದ್ದಿದ್ದರೆ ನಗುತ್ತಿರಲಿಲ್ಲ.

ಗಮನಿಸಿ, ಅಲ್ಲಿ ಯಾರೂ ಕದಿಯಲಿಲ್ಲ, ಯಾರ ಲೆಕ್ಕವೂ ತಪ್ಪಲಿಲ್ಲ. ನೋಡುವುದಕ್ಕೂ ಬರೆಯುವುದಕ್ಕೂ ನಡುವಿನ ಒಂದು ಕ್ಷಣದಲ್ಲಿ ಇನ್ನೊಂದು ಕೈ ಒಳಬಂದಿತು, ಅಷ್ಟೇ. ಗಣಕಯಂತ್ರದ ಪರಿಭಾಷೆಯಲ್ಲಿ ಇದಕ್ಕೆ 'ರೇಸ್ ಕಂಡೀಷನ್' ಎನ್ನುತ್ತಾರೆ. ಇಂಥ ಕ್ಷಣಗಳನ್ನು ಹುಡುಕುವುದೇ ನನ್ನ ಉದ್ಯೋಗ. ನೀವು ಮೊಬೈಲಿನಲ್ಲಿ ತೆಗೆದ ಚಿತ್ರ, ಬರೆದ ಪತ್ರ, ಇಟ್ಟ ಲೆಕ್ಕ ಇವೆಲ್ಲವನ್ನೂ ಡಿಸ್ಕಿನಲ್ಲಿ ಜೋಪಾನವಾಗಿಡುವ ತಂತ್ರಾಂಶದ ಭಾಗವೊಂದಿದೆ. ಅದನ್ನು ಫೈಲ್ ಸಿಸ್ಟಮ್ ಎನ್ನುತ್ತೇವೆ. ಅಲ್ಲಿ ಇಬ್ಬರಲ್ಲ, ಏಕಕಾಲಕ್ಕೆ ನೂರಾರು ಕೈಗಳು ಒಂದೇ ಹಲಗೆಯ ಮೇಲೆ ಬರೆಯುತ್ತಿರುತ್ತವೆ.

ಪರಿಹಾರ ಸರಳವೆಂದು ನಿಮಗೆ ತೋರಬಹುದು: ಒಬ್ಬರು ಬರೆಯುವಾಗ ಇನ್ನೊಬ್ಬರು ಕಾಯಲಿ. ನಿಜ, ಅದಕ್ಕಾಗಿಯೇ ತಂತ್ರಾಂಶದಲ್ಲಿ ಬೀಗಗಳಿವೆ. ಆದರೆ ಎಲ್ಲೆಡೆಯೂ ಬೀಗ ಹಾಕಿದರೆ ಸಾಲು ಬೆಳೆಯುತ್ತದೆ, ಕೆಲಸ ನಿಲ್ಲುತ್ತದೆ. ಇಬ್ಬರು ಒಬ್ಬರ ಬೀಗಕ್ಕಾಗಿ ಇನ್ನೊಬ್ಬರು ಕಾಯುತ್ತಾ ಕಲ್ಲಿನಂತೆ ನಿಂತುಬಿಡುವುದೂ ಉಂಟು. ಆದ್ದರಿಂದ ಬರೆಯುವವರು ಅಗತ್ಯವಿದ್ದಲ್ಲಿ ಮಾತ್ರ ಬೀಗ ಹಾಕುತ್ತಾರೆ. ಎಲ್ಲಿ ಅಗತ್ಯವಿಲ್ಲವೆಂದು ಅವರು ತಿಳಿದರೋ ಅಲ್ಲಿ ನಮ್ಮ ಹುಡುಕಾಟ ಆರಂಭವಾಗುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹಲವು ವರ್ಷಗಳ ಹಿಂದೆ ಸಂಸ್ಥೆಯೊಂದರಲ್ಲಿ ಇಂಥದೇ ಕೆಲಸದಲ್ಲಿದ್ದೆ. ನಮ್ಮದೊಂದು ಪರೀಕ್ಷೆಯಿತ್ತು: ಹತ್ತಾರು ಕೆಲಸಗಾರ ಪ್ರೋಗ್ರಾಮುಗಳು ಫೈಲುಗಳನ್ನು ಬರೆಯುತ್ತಿರುವಾಗಲೇ ಬೇರೆ ಹತ್ತಾರು ಅವುಗಳ ಪ್ರತಿ ತೆಗೆಯಬೇಕು, ಕೊನೆಯಲ್ಲಿ ಮೂಲವನ್ನೂ ಪ್ರತಿಯನ್ನೂ ಅಕ್ಷರಶಃ ಹೋಲಿಸಬೇಕು. ಒಂದು ರಾತ್ರಿ ಸುಮಾರು 3,000 ಸುತ್ತುಗಳಲ್ಲಿ ಒಂದೇ ಒಂದು ಸುತ್ತಿನಲ್ಲಿ ಹೋಲಿಕೆ ತಪ್ಪಿತು. ಪ್ರತಿಯ ನಡುವೆ 4,096 ಬೈಟುಗಳಷ್ಟು ಜಾಗದಲ್ಲಿ ಬರೀ ಸೊನ್ನೆಗಳು. ಪುನಃ ಓಡಿಸಿದೆ; ಸರಿಯಾಯಿತು. ಇಡೀ ರಾತ್ರಿ ಓಡಿಸಿದೆ, ಸರಿಯಾಗಿಯೇ ಇತ್ತು. ಕಾರಣ ತಿಳಿಯಲೆಂದು ನಡುನಡುವೆ ಸಂದೇಶ ಮುದ್ರಿಸುವ ಸಾಲುಗಳನ್ನು ಸೇರಿಸಿದೆ. ಆ ಸಾಲುಗಳೇ ಕೆಲಸದ ವೇಗವನ್ನು ಬದಲಿಸಿದವು. ದೋಷ ಸುಳಿವೇ ಇಲ್ಲದಂತೆ ಅಡಗಿತು. ಬಿಡುಗಡೆಗೆ ನಾಲ್ಕು ದಿನ ಉಳಿದಿತ್ತು. ವರದಿಯಲ್ಲಿ 'ಪರೀಕ್ಷಾ ಯಂತ್ರದ ತೊಂದರೆ, ಮರುಕಳಿಸಲಿಲ್ಲ' ಎಂದು ಬರೆದು ಮುಚ್ಚಿದೆ. ಸೊನ್ನೆಗಳನ್ನು ಕಂಡ ಮೇಲೂ ಹಾಗೆ ಬರೆದೆನೆಂಬುದನ್ನು ಮುಚ್ಚಿಡಲಾರೆ.

ಮೂರು ತಿಂಗಳ ಬಳಿಕ ಗ್ರಾಹಕರೊಬ್ಬರ ದೂರು ಬಂತು. ಹಳೆಯ ಡಿಸ್ಕಿನಿಂದ ಹೊಸದಕ್ಕೆ ಕುಟುಂಬದ ಛಾಯಾಚಿತ್ರಗಳನ್ನು ಸಾಗಿಸಿ, ಹಳೆಯದನ್ನು ಅಳಿಸಿಬಿಟ್ಟಿದ್ದರು. ಕೆಲವು ಚಿತ್ರಗಳು ಅರ್ಧದಿಂದ ಕೆಳಗೆ ಬೂದುಬಣ್ಣ. ಅವುಗಳಲ್ಲಿ ಒಂದರಲ್ಲಿ ಮಗುವಿನ ದೀಕ್ಷಾಸ್ನಾನದ ದೃಶ್ಯ. ತಾಯಿಯ ಮುಖ ಕಾಣುತ್ತದೆ, ಮಗು ಕಾಣುವುದಿಲ್ಲ. ದೂರಿನೊಂದಿಗೆ ಅದನ್ನೇ ಲಗತ್ತಿಸಿದ್ದರು. ಸಹೋದ್ಯೋಗಿಗಳು ಕಾರಣ ಹುಡುಕುತ್ತಿದ್ದ ಆ ವಾರ ನನಗೆ ಊಟ ರುಚಿಸಲಿಲ್ಲ. ನನ್ನ ಹಳೆಯ ಟಿಪ್ಪಣಿಯನ್ನು ಯಾರೂ ತೆರೆದು ನೋಡಿರಲಿಲ್ಲ; ನೋಡುವ ಸಂಭವವೂ ಇರಲಿಲ್ಲ. ನಾಲ್ಕನೆಯ ದಿನ ನಾನೇ ಅದನ್ನು ಮುಖ್ಯಸ್ಥರ ಮುಂದಿಟ್ಟೆ. ಅವರು ಓದಿ, ಬಹಳ ಹೊತ್ತು ಸುಮ್ಮನಿದ್ದು, "ಆ ರಾತ್ರಿಯ ದಾಖಲೆಗಳು ಇನ್ನೂ ಇವೆಯೇ?" ಎಂದಷ್ಟೇ ಕೇಳಿದರು. ಇದ್ದವು. ಎರಡು ದಿನಗಳಲ್ಲಿ ದೋಷ ಸಿಕ್ಕಿತು. ಆ ಚಿತ್ರ ಮಾತ್ರ ಮರಳಿ ಬರಲಿಲ್ಲ.

2023ರ ನವೆಂಬರಿನಲ್ಲಿ ಓಪನ್‌ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನ ಸುದ್ದಿ ಓದಿದಾಗ ಆ ದಿನಗಳು ಕಣ್ಮುಂದೆ ಬಂದವು. ಜೆಡ್‌ಎಫ್‌ಎಸ್ ಸಾಮಾನ್ಯವಾದುದಲ್ಲ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಹುಟ್ಟಿದ ಅದು ತಾನು ಬರೆಯುವ ಪ್ರತಿಯೊಂದು ತುಣುಕಿಗೂ ತಾಳೆಯ ಅಂಕಿಯೊಂದನ್ನು ಇಟ್ಟು, ಓದುವಾಗಲೆಲ್ಲ ಸರಿನೋಡುತ್ತದೆ. ಆದರೂ ಪ್ರತಿ ತೆಗೆದ ಕೆಲವು ಫೈಲುಗಳ ನಡುವೆ ಸೊನ್ನೆಗಳು ಕಾಣಿಸಿಕೊಂಡವು. ಆಗಷ್ಟೇ ಅಕ್ಟೋಬರಿನಲ್ಲಿ 2.2.0 ಆವೃತ್ತಿ ಹೊರಬಂದಿತ್ತು. ಅದರ ಹೊಸ ಸೌಲಭ್ಯವೊಂದರ ಮೇಲೆ ಎಲ್ಲರ ಸಂಶಯ ಬಿತ್ತು. ಹೊಸಬರ ಮೇಲೆ ಸಂಶಯ ಬೇಗ ಬೀಳುತ್ತದೆ, ಮನುಷ್ಯರಲ್ಲೂ ಹಾಗೆಯೇ. ನಿಜವಾದ ದೋಷ ಅದಕ್ಕಿಂತ ವರ್ಷಗಳಷ್ಟು ಹಳೆಯದಾಗಿತ್ತು.

ನಡೆದುದು ಇಷ್ಟು. ಫೈಲಿನಲ್ಲಿ ಬರೆಯದೆ ಬಿಟ್ಟ ಖಾಲಿ ಜಾಗಗಳಿದ್ದರೆ ಅವುಗಳನ್ನು ಓದುವ ಶ್ರಮ ಬೇಡವೆಂದು, ಪ್ರತಿ ತೆಗೆಯುವ ಪ್ರೋಗ್ರಾಮು "ಎಲ್ಲಿ ಖಾಲಿಯಿದೆ?" ಎಂದು ಮೊದಲು ವಿಚಾರಿಸುತ್ತದೆ. ಲಿನಕ್ಸಿನ 'ಸಿಪಿ' ಆಜ್ಞೆ 2021ರಿಂದ ಹೀಗೆ ಹೆಚ್ಚಾಗಿ ವಿಚಾರಿಸತೊಡಗಿತು. ಉತ್ತರಿಸುವ ಮೊದಲು ಫೈಲ್ ಸಿಸ್ಟಮ್ "ಡಿಸ್ಕಿಗೆ ಇನ್ನೂ ಇಳಿಯದ ಬರಹ ಏನಾದರೂ ಇದೆಯೇ?" ಎಂದು ತನ್ನೊಳಗೇ ನೋಡಿಕೊಳ್ಳಬೇಕು. ಆ ನೋಟದಲ್ಲಿ ಅತಿಸಣ್ಣ ಬಿರುಕಿತ್ತು: ಬರಹ ಇಳಿಯುತ್ತಿರುವ ಒಂದು ಕ್ಷಣದಲ್ಲಿ ಎಲ್ಲವೂ ಇಳಿದಾಗಿದೆ ಎಂಬಂತೆ ತೋರುತ್ತಿತ್ತು. ಆ ಕ್ಷಣದಲ್ಲಿ ಕೇಳಿದವರಿಗೆ "ಇಲ್ಲಿ ಖಾಲಿ" ಎಂಬ ಉತ್ತರ. ಮೂಲ ಫೈಲು ಸುರಕ್ಷಿತವಾಗಿಯೇ ಇರುತ್ತಿತ್ತು, ಪ್ರತಿಯಲ್ಲಿ ಮಾತ್ರ ಸೊನ್ನೆ. ತಾಳೆಯ ಅಂಕಿ ಅದನ್ನು ಹಿಡಿಯಲಿಲ್ಲ. ಆ ಸೊನ್ನೆಗಳನ್ನೇ ಬರೆಯೆಂದು ಹೇಳಲಾಗಿತ್ತು, ಅದು ಹಾಗೆಯೇ ನಿಷ್ಠೆಯಿಂದ ಬರೆದಿತ್ತು.

ಇದನ್ನು ಹಿಡಿದುಕೊಟ್ಟ ಸಾಧನಗಳಲ್ಲಿ ಒಂದು ಚಿಕ್ಕ ಪ್ರೋಗ್ರಾಮು: ಸಾವಿರಾರು ಫೈಲುಗಳನ್ನು ಒಟ್ಟೊಟ್ಟಿಗೆ ಸೃಷ್ಟಿಸಿ, ತಕ್ಷಣ ಪ್ರತಿ ತೆಗೆದು ಹೋಲಿಸುವುದು. ನನ್ನ ಹಳೆಯ ಪರೀಕ್ಷೆಯ ಒಡಹುಟ್ಟಿದ್ದೇ ಎನ್ನಬೇಕು. ಆ ತಿಂಗಳ ಕೊನೆಗೇ 2.2.2 ಮತ್ತು 2.1.14 ಆವೃತ್ತಿಗಳಲ್ಲಿ ತಿದ್ದುಪಡಿ ಬಂತು.

ಇಂದು ನಮಗೆ ಉತ್ತಮ ಉಪಕರಣಗಳಿವೆ. ಲಿನಕ್ಸ್ ಕರ್ನಲ್‌ಗೆ 2020ರಲ್ಲಿ, 5.8ನೆಯ ಆವೃತ್ತಿಯಲ್ಲಿ, ಕೆಸಿಸ್ಯಾನ್ ಎಂಬುದು ಸೇರಿತು. ಅದರ ಉಪಾಯ ನನಗೆ ಬಹಳ ಮೆಚ್ಚುಗೆ. ಒಂದು ಕೈ ಹಲಗೆಯ ಬಳಿ ಹೋದಾಗ, ಅದನ್ನು ಬೇಕೆಂದೇ ಒಂದಿಷ್ಟು ಹೊತ್ತು ತಡೆದು ನಿಲ್ಲಿಸಿ, ಅಷ್ಟರಲ್ಲಿ ಇನ್ನೊಂದು ಕೈ ಅದೇ ಜಾಗಕ್ಕೆ ಬರುತ್ತದೆಯೇ ಎಂದು ಕಾದು ನೋಡುತ್ತದೆ. ಅವಸರದಲ್ಲಿ ಕಾಣದಿದ್ದುದು ಹೀಗೆ ಕಣ್ಣಿಗೆ ಬೀಳುತ್ತದೆ.

ಮೊನ್ನೆ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸಂಜೆ ಹೊರಡುವ ಹೊತ್ತಿಗೆ ಬಂದು, "ಸಾರ್, ರಾತ್ರಿಯ ಪರೀಕ್ಷೆಯಲ್ಲಿ ಒಂದೇ ಒಂದು ಸಲ ತಪ್ಪಾಗಿದೆ. ಆಮೇಲೆ ಆಗಿಲ್ಲ. ಯಂತ್ರದ ತೊಂದರೆ ಎಂದು ಬರೆದುಬಿಡಲೇ?" ಎಂದಳು. ನಾನು ಕೈಚೀಲವನ್ನು ಕೆಳಗಿಟ್ಟು ಅವಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡೆ. ಸಂಶಯವಿದ್ದ ಎರಡು ಸಾಲುಗಳ ನಡುವೆ ತುಸು ವಿಳಂಬ ಸೇರಿಸಿ ಪುನಃ ಓಡಿಸಿದೆವು. ಮೊದಲ ಹತ್ತು ಸುತ್ತು ಏನೂ ಇಲ್ಲ. ಮನೆಯಿಂದ ಎರಡು ಬಾರಿ ಫೋನು ಬಂತು. ಹದಿನೇಳನೆಯ ಸುತ್ತಿನಲ್ಲಿ ಪರದೆಯ ಮೇಲೆ ಸೊನ್ನೆಗಳ ಸಾಲು ಮೂಡಿತು.