ತೋನೆ ಎಂಬ ಹಡಗು

ಯುದ್ಧನೌಕೆಗಳ ವಿಷಯ ಓದುವುದು ನನಗಿರುವ ಒಂದು ಚಟ. ಬಿ.ಎಸ್ಸಿ.ಯಲ್ಲಿ ಕಲಿತ ಭೌತಶಾಸ್ತ್ರ ಕಚೇರಿಯ ಕಡತಗಳಲ್ಲಿ ಎಲ್ಲಿಯೂ ಕೆಲಸಕ್ಕೆ ಬರಲಿಲ್ಲ, ಇಲ್ಲಿಯಾದರೂ ಬರಲಿ ಎಂಬ ಆಸೆ. ಹಾಗೆ ಓದಿದವುಗಳಲ್ಲಿ ಜಪಾನಿನ 'ತೋನೆ' ಎಂಬ ಕ್ರೂಸರ್ ಮಾತ್ರ ತಲೆಯಿಂದ ಇಳಿಯದೆ ಕುಳಿತಿದೆ.

1934ರಲ್ಲಿ ನಾಗಾಸಾಕಿಯ ಮಿತ್ಸುಬಿಶಿ ಕಾರ್ಖಾನೆಯಲ್ಲಿ ಅದನ್ನು ಕಟ್ಟಲು ಆರಂಭಿಸಿದರು. ದೊಡ್ಡ ತೋಪಿನ ಕ್ರೂಸರುಗಳಿಗೆ 1930ರ ಲಂಡನ್ ಒಪ್ಪಂದ ಮಿತಿ ಹಾಕಿತ್ತು. ಆದ್ದರಿಂದ ಇದು 155 ಮಿ.ಮೀ. ತೋಪುಗಳ ಹಗುರ ಕ್ರೂಸರ್ ಎಂದು ಮಂಜೂರಾಯಿತು. ಹಗುರ ಕ್ರೂಸರಿಗೆ ನದಿಯ ಹೆಸರಿಡುವುದು ಅವರ ಪದ್ಧತಿ. ಹಾಗಾಗಿ ತೋನೆ ನದಿಯ ಹೆಸರು ಬಂತು. ಜಪಾನ್ ಒಪ್ಪಂದದಿಂದ ಹೊರಬಿದ್ದ ಮೇಲೆ 203 ಮಿ.ಮೀ. ತೋಪುಗಳು ಬಂದು ಕೂತವು, ಹೆಸರು ಮಾತ್ರ ನದಿಯದೇ ಉಳಿಯಿತು. ಮಂಜೂರಾದದ್ದು ಒಂದು, ಕಟ್ಟಿದ್ದು ಇನ್ನೊಂದು! ಸರ್ಕಾರಿ ಕೆಲಸ ಬಲ್ಲವರಿಗೆ ಇದೇನೂ ಹೊಸದಲ್ಲ.

ನೋಡಲು ವಿಚಿತ್ರ ಹಡಗು. ಎಂಟು ತೋಪುಗಳೂ, ಎರಡೆರಡರಂತೆ ನಾಲ್ಕು ಗೋಪುರಗಳಲ್ಲಿ, ಮುಂಭಾಗದಲ್ಲೇ ಒತ್ತಾಗಿ ನಿಂತಿದ್ದವು. ಹಿಂಭಾಗವೆಲ್ಲ ನೀರಿನ ಮೇಲಿಳಿಯುವ ವಿಮಾನಗಳಿಗೆ ಮೀಸಲು. ವಿಮಾನವಾಹಕ ನೌಕೆಗಳು ತಮ್ಮ ವಿಮಾನಗಳನ್ನು ದಾಳಿಗೆ ಉಳಿಸಿಕೊಳ್ಳಲಿ, ಶತ್ರುವನ್ನು ಹುಡುಕುವ ಕೆಲಸ ಇದು ಮಾಡಲಿ ಎಂಬ ಲೆಕ್ಕ. ತೋಪು ಹಾರಿಸಿದಾಗ ಹೊಮ್ಮುವ ಗಾಳಿಯ ಹೊಡೆತಕ್ಕೆ ಹಗುರವಾದ ವಿಮಾನಗಳು ಸಿಕ್ಕದಂತೆ ಎರಡನ್ನೂ ದೂರ ಇಟ್ಟದ್ದು ಜಾಣತನವೇ ಸರಿ. ವೇಗ 35 ನಾಟ್.

ಪರ್ಲ್ ಹಾರ್ಬರ್ ದಾಳಿಗೆ ಹೋದ ಪಡೆಯಲ್ಲಿ ಇದೂ ಇತ್ತು. 1942ರ ಏಪ್ರಿಲ್‌ನಲ್ಲಿ ಸಿಂಹಳದ ಸುತ್ತಲಿನ ಸಮುದ್ರಕ್ಕೂ ಬಂದುಹೋಯಿತು. ಅದೇ ಜೂನ್ 4ರಂದು ಮಿಡ್‌ವೇಯಲ್ಲಿ ಇದರ ಒಂದು ವಿಮಾನ ಅರ್ಧ ಗಂಟೆ ತಡವಾಗಿ ಹೊರಟಿತು. ಅಮೆರಿಕದ ಹಡಗುಗಳನ್ನು ಕಂಡದ್ದೂ ಅದೇ ವಿಮಾನ. ಆ ಅರ್ಧ ಗಂಟೆಯ ಮೇಲೆ ಪಂಡಿತರು ಇಂದಿಗೂ ಜಗಳವಾಡುತ್ತಾರೆ. ಆಡಿಕೊಳ್ಳಲಿ.

ನನ್ನನ್ನು ಕಾಡುವುದು 1944ರ ಮಾರ್ಚ್ 9. ಆಸ್ಟ್ರೇಲಿಯಾದಿಂದ ನಮ್ಮ ಮುಂಬಯಿಗೆ ಬರುತ್ತಿದ್ದ 'ಬೆಹಾರ್' ಎಂಬ ಬ್ರಿಟಿಷ್ ಸರಕು ಹಡಗನ್ನು ತೋನೆ ಹಿಂದೂ ಮಹಾಸಾಗರದಲ್ಲಿ ಮುಳುಗಿಸಿತು. ಬೆಹಾರ್‌ನ ನಾವಿಕರಲ್ಲಿ ನಮ್ಮ ದೇಶದವರೂ ಇದ್ದರು. ತೋನೆಯ ಕ್ಯಾಪ್ಟನ್ ಮಾಯುಝುಮಿ ನೀರಿಗೆ ಬಿದ್ದ ನೂರಕ್ಕೂ ಹೆಚ್ಚು ಜನರನ್ನು ಮೇಲೆತ್ತಿಸಿಕೊಂಡ. ಮೇಲಧಿಕಾರಿ ಸಕೊಂಜು ಇದಕ್ಕೆ ಮೆಚ್ಚಲಿಲ್ಲ, ಆಕ್ಷೇಪಿಸಿದ. ವಿಚಾರಣೆಗೆ ಬೇಕಾದ ಕೆಲವರನ್ನು ಉಳಿಸಿಕೊಂಡು ಉಳಿದವರನ್ನು 'ವಿಲೇವಾರಿ' ಮಾಡಬೇಕೆಂದು ಆಜ್ಞೆಯಾಯಿತು. ವಿಲೇವಾರಿ! ನಾವು ದಿನಕ್ಕೆ ಹತ್ತು ಸಲ ಬರೆಯುವ ಶಬ್ದ. ಕ್ಯಾಪ್ಟನ್ ಆ ಜನರ ಪ್ರಾಣ ಉಳಿಸಬೇಕೆಂದು ಮನವಿ ಮಾಡಿಕೊಂಡ. ಮನವಿ ತಿರಸ್ಕೃತವಾಯಿತು.

ಹಡಗು ಬಟಾವಿಯಾ ಸೇರಿದಾಗ ಕೆಲವರು ಅಲ್ಲಿ ಇಳಿದು ಬದುಕಿಕೊಂಡರು. ಅಲ್ಲಿಂದ ಹೊರಟ ಮೇಲೆ, ಮಾರ್ಚ್ 18ರ ರಾತ್ರಿ, ಉಳಿದ ಅರವತ್ತಕ್ಕೂ ಮೇಲ್ಪಟ್ಟ ಸೆರೆಯಾಳುಗಳನ್ನು ತೋನೆಯ ಮೇಲೆಯೇ ಕೊಂದು ಸಮುದ್ರಕ್ಕೆಸೆದರು. ಹಡಗಿನ ಎರಡನೆಯ ಅಧಿಕಾರಿ ತನ್ನಿಂದಾಗದು ಎಂದು ಹಿಂದೆ ಸರಿದನಂತೆ. ಮನವಿ ಬರೆದ ಕ್ಯಾಪ್ಟನ್ ಸರಿಯಲಿಲ್ಲ.

ಇದನ್ನು ಓದಿದ ದಿನ ಕಚೇರಿಯಲ್ಲಿ 'ಮೇಲಿನವರ ಆದೇಶದಂತೆ' ಎಂದು ಬರೆಯುವಾಗ ಪೆನ್ನು ನಿಂತಿತು. ನಮ್ಮ ಕಡತದಲ್ಲಿ ಸಾಯುವವರು ಯಾರೂ ಇಲ್ಲ, ನಿಜ. ಹೆಚ್ಚೆಂದರೆ ಯಾವುದೋ ವಿಧವೆಯ ಪಿಂಚಣಿ ಆರು ತಿಂಗಳು ಮುಂದೆ ಹೋದೀತು. ಭಿನ್ನಾಭಿಪ್ರಾಯವನ್ನು ನಾವೂ ಟಿಪ್ಪಣಿಯಲ್ಲಿ ದಾಖಲಿಸುತ್ತೇವೆ. ಆಮೇಲೆ ಸಹಿ ಹಾಕಿ ಐದೂವರೆಯ ಲೋಕಲ್ ಹಿಡಿಯುತ್ತೇವೆ.

ತೋನೆ 1945ರ ಜುಲೈ 24ರಂದು ಎತಾಜಿಮಾ ತೀರದಲ್ಲಿ ಅಮೆರಿಕದ ವಿಮಾನಗಳ ಬಾಂಬಿಗೆ ಸಿಕ್ಕು ಆಳವಿಲ್ಲದ ನೀರಿನಲ್ಲಿ ತಳ ಹಿಡಿಯಿತು. ಯುದ್ಧ ಮುಗಿದ ಮೇಲೆ ಅದನ್ನು ಒಡೆದು ಗುಜರಿಗೆ ಹಾಕಿದರು. ಹಾಂಗ್‌ಕಾಂಗಿನಲ್ಲಿ ನಡೆದ ಮೊಕದ್ದಮೆಯಲ್ಲಿ ಸಕೊಂಜು, ಆಜ್ಞೆ ತನಗೂ ಮೇಲಿನಿಂದ ಬಂದದ್ದೆಂದ. ಆ ಮೇಲಿನ ಅಡ್ಮಿರಲ್ 1944ರಲ್ಲೇ ತೀರಿಕೊಂಡಿದ್ದ. ಸಕೊಂಜುವಿಗೆ 1948ರಲ್ಲಿ ಗಲ್ಲಾಯಿತು. ಮಾಯುಝುಮಿಗೆ ಏಳು ವರ್ಷ ಸಜೆ.

ಏಳು ವರ್ಷ ಹೆಚ್ಚೋ ಕಡಿಮೆಯೋ ಎಂದು ಮನೆಯವಳನ್ನು ಕೇಳಿದೆ. "ಆ ಎರಡನೆಯವನಿಗೆ ಏನಾಯಿತೂಂದ್ರೆ?" ಎಂದಳು.