ಎಡಮೊಣಕಾಲಿನ ಸಂಧಿ

ಸ್ಮರಣ ಸಂಚಿಕೆಗೆ ವ್ಯಾಕರಣ ವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಆಜ್ಞಾಪಿಸಿದ್ದರು. ಸುಮಾರು ಮೂವತ್ತು ವರ್ಷ ಸಂಧಿಪ್ರಕರಣವನ್ನು ಬೋಧಿಸಿದ ನಾನು ಈಗ ಬರೆಯಹೊರಟಿರುವುದೂ ಸಂಧಿಯನ್ನು ಕುರಿತೇ. ಆದರೆ ಅದು ನನ್ನ ಎಡಮೊಣಕಾಲಿನ ಸಂಧಿ. ಮಿತ್ರರು ಮನ್ನಿಸಬೇಕು.

ಅರಸೀಕೆರೆಗೆ ಸಮೀಪದ ಮಾಲೇಕಲ್ಲು ತಿರುಪತಿಯ ಬೆಟ್ಟಕ್ಕೆ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳಿವೆ. ಹತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಪ್ರತಿವರ್ಷವೂ ಅದನ್ನೇರುವುದು ನನ್ನ ರೂಢಿಯಾಗಿತ್ತು. ಎರಡು ವರ್ಷಗಳಿಂದ ಮಕ್ಕಳು ಮೇಲೇರುತ್ತಾರೆ; ನಾನು ಕೆಳಗೆ ಕುಳಿತು ಅವರ ಚಪ್ಪಲಿ ಕಾಯುತ್ತೇನೆ. ಈ ಸಂಗತಿಯನ್ನು ಕೇಳಿ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಿಂದ ಬಂದನು. ಮೈಮೇಲೆ ತೊಡುವ ಯಂತ್ರಕವಚಗಳಿಗೆ ಮೋಟಾರಿನ ಕೀಲುಗಳನ್ನು ರಚಿಸುವುದು ಅವನ ಉದ್ಯೋಗ. ಟೇಪ್‌ರೆಕಾರ್ಡರಿನಿಂದ ಕಿತ್ತ ಪುಟ್ಟ ಮೋಟಾರೊಂದನ್ನು ಅವನು ಹಿಂದೆ ತರಗತಿಗೆ ತಂದಿದ್ದಾಗ, ಅದನ್ನು ಕಸಿದು ಮೇಜಿನ ಖಾನೆಗೆ ಹಾಕಿದವನು ನಾನೇ. ಹಿಂದಿರುಗಿಸಲೇ ಇಲ್ಲ. ನಾನು ಮರೆತಿದ್ದೆ, ಅವನು ಮರೆತಿರಲಿಲ್ಲ.

‘ಎಕ್ಸೋಸ್ಕೆಲಿಟನ್’ ಎಂಬುದಕ್ಕೆ ‘ಬಹಿರಸ್ಥಿಪಂಜರ’ವೆಂಬ ಶಬ್ದವನ್ನು ಸೂಚಿಸಿದೆ. “ಆ ಹೆಸರು ಕೇಳಿದರೆ ತೊಡುವವರು ಓಡಿಹೋದಾರು ಗುರುಗಳೇ, ಕವಚವೆಂದೇ ಇರಲಿ” ಎಂದನು. ಒಪ್ಪಿಕೊಂಡೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವರು 1960ರ ದಶಕದಲ್ಲಿ ‘ಹಾರ್ಡಿಮನ್’ ಎಂಬ ಕವಚವನ್ನು ಕಟ್ಟಹೊರಟರಂತೆ. ಅದರ ತೂಕವೇ 680 ಕಿಲೋ! ನಮ್ಮ ಬೆಂಗಳೂರಿನಲ್ಲಿಯೇ ರಕ್ಷಣಾ ಸಂಶೋಧನೆಯ ‘ಡೆಬೆಲ್’ ಪ್ರಯೋಗಾಲಯವು ಸೈನಿಕರಿಗಾಗಿ ಈ ದಿಶೆಯಲ್ಲಿ ಕೆಲಸ ಮಾಡಿದೆ. ಕೀಲು ಕಿರಿದಾಗಬೇಕು, ಬಲ ಹಿರಿದಾಗಬೇಕು, ತೊಡಕಿರುವುದು ಇಲ್ಲಿಯೇ.

ಮೆಟ್ಟಿಲೇರುವಾಗ ಮೊಣಕಾಲು ದೇಹತೂಕದ ಪ್ರತಿ ಕಿಲೋಗೆ ಸುಮಾರು ಒಂದು ನ್ಯೂಟನ್-ಮೀಟರಿನಷ್ಟು ತಿರುಚುಬಲವನ್ನು ಕೊಡಬೇಕು. ನನ್ನ ತೂಕ 70 ಕಿಲೋ. ಮೀಟರುದ್ದದ ಕೋಲಿನ ತುದಿಗೆ ಏಳು ಕಿಲೋ ಕಲ್ಲನ್ನು ಕಟ್ಟಿ, ಮತ್ತೊಂದು ತುದಿಯಿಂದ ಹಿಡಿದು ನಿಲ್ಲಿಸುವಷ್ಟು ಬಲವದು. ಅಂಗೈಯಗಲದ ಮೋಟಾರು ವೇಗವಾಗಿ ತಿರುಗಬಲ್ಲದೇ ಹೊರತು ಅಷ್ಟು ಬಲವನ್ನು ತಾನಾಗಿ ಕೊಡಲಾರದು. ಆದುದರಿಂದ ಹಲ್ಲುಚಕ್ರಗಳಿಂದ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತಾರೆ.

ಶಿಷ್ಯನು ಮೊದಲು ತಂದ ಕೀಲಿನಲ್ಲಿ ಈ ಹೆಚ್ಚಳ 100 ಪಟ್ಟು. ವೈದ್ಯರ ಒಪ್ಪಿಗೆ ಪಡೆದು, ಬೆಟ್ಟದ ಬುಡದಲ್ಲಿ ಅದನ್ನು ಕಟ್ಟಿಕೊಂಡೆ. ಮೂವತ್ತು ಮೆಟ್ಟಿಲು ಏರಿದೆ. ಯಾರೋ ತೊಡೆಗೆ ಕೈಕೊಟ್ಟು ಎತ್ತಿದಂತಿತ್ತು. ಹಿಗ್ಗಿದೆನೆಂದು ಹೇಳಲು ಸಂಕೋಚವೇನು? ಇಳಿಯುವಾಗ ಮಾತ್ರ ಅನರ್ಥವಾಯಿತು. ನಾನು ಮೊಣಕಾಲನ್ನು ಮಡಿಸಹೋದರೆ ಕೀಲು ಮಡಿಯಲೊಲ್ಲದು. ಪಾದ ಅಂತರದಲ್ಲಿ ತೂಗಿತು, ಶಿಷ್ಯನ ಹೆಗಲನ್ನು ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದೆ.

ಕಾರಣವನ್ನು ಅವನು ಮೆಟ್ಟಿಲ ಮೇಲೆಯೇ ಕುಳಿತು ತಿಳಿಸಿದನು. ಗೇರು ಬಲವನ್ನು 100 ಪಟ್ಟು ಮಾಡುವಾಗ, ಹೊರಗಿನಿಂದ ನೂಕುವ ಕಾಲಿಗೆ ಮೋಟಾರಿನ ಜಡತ್ವ ಅದರ ವರ್ಗದಷ್ಟು, ಎಂದರೆ 10,000 ಪಟ್ಟಾಗಿ ಎದುರಾಗುತ್ತದೆ. ಗೇರು ಆರು ಪಟ್ಟಾದರೆ ಜಡತ್ವ ಕೇವಲ 36 ಪಟ್ಟು. ಲೋಪಸಂಧಿಯಲ್ಲಿ ಪೂರ್ವಪದದ ಕೊನೆಯ ಸ್ವರ ತಾನು ಬಿಟ್ಟುಕೊಡದೆ ಪದಗಳು ಕೂಡುವುದಿಲ್ಲ. ‘ಊರು’ ತನ್ನ ಉಕಾರವನ್ನು ಬಿಟ್ಟರೆ ತಾನೇ ‘ಊರಿಂದ’ ಹೊರಡುವುದು? ನನಗೆ ಅರ್ಥವಾದದ್ದು ಹೀಗೆ. ಶಿಷ್ಯನು ನಕ್ಕು ತಲೆದೂಗಿದನು.

ಗೇರನ್ನು ತಗ್ಗಿಸಿದರೆ ಬಲವೆಲ್ಲಿಂದ ಬರಬೇಕು? ಮೋಟಾರನ್ನು ಅಕ್ಕಿರೊಟ್ಟಿಯಂತೆ ಅಗಲವಾಗಿ, ತೆಳುವಾಗಿ ಮಾಡುತ್ತಾರೆ. ಗಾಣದ ತೊಲೆ ಉದ್ದವಾದಷ್ಟೂ ಎತ್ತಿನ ಎಳೆತ ಫಲಿಸುವಂತೆ, ಕಾಂತಗಳ ಬಳೆ ಅಕ್ಷದಿಂದ ದೂರ ನಿಂತಷ್ಟೂ ತಿರುಚುಬಲ ಹೆಚ್ಚುತ್ತದೆ. ಎಂ.ಐ.ಟಿ.ಯ ಬೆನ್ ಕಾಟ್ಸ್ ಎಂಬವರು ನಾಲ್ಕು ಕಾಲಿನ ರೋಬೋಗಾಗಿ ರಚಿಸಿ 2018ರ ಪ್ರಬಂಧದಲ್ಲಿ ವಿವರಿಸಿದ ಕೀಲು ಇಂಥದು: ಗೇರು ಆರು ಪಟ್ಟು, ತೂಕ ಅರ್ಧ ಕಿಲೋದೊಳಗೆ, ಗರಿಷ್ಠ ಬಲ 17 ನ್ಯೂಟನ್-ಮೀಟರ್. ನನಗೆ ಬೇಕಾದುದರಲ್ಲಿ ಇದು ಸುಮಾರು ಕಾಲುಪಾಲು. ಕಾಲಿಗೆ ಕಾಲುಪಾಲು ನೆರವು! ಮಿಕ್ಕದ್ದು ನನ್ನ ಸ್ನಾಯುಗಳ ಹೊಣೆ, ಅದೇ ಆರೋಗ್ಯವೂ ಹೌದಂತೆ.

ಇದೇ ಬಗೆಯ ಕೀಲನ್ನು ಕಟ್ಟಿಕೊಂಡು ಕಳೆದ ಮಾಘದಲ್ಲಿ ಮತ್ತೆ ಹೋದೆವು. ಇಳಿಯುವಾಗ ಅದು ವಿಧೇಯನಾದ ವಿದ್ಯಾರ್ಥಿಯಂತೆ ಮಡಿಯಿತು. ಆದರೆ ಎಂಬತ್ತನೆಯ ಮೆಟ್ಟಿಲಿನ ಹೊತ್ತಿಗೆ ಪಂಚೆಯ ಮೇಲಿಂದಲೇ ಬಿಸಿ ತಟ್ಟಿತು. ವಿದ್ಯುತ್ತನ್ನು ಇಮ್ಮಡಿ ಹರಿಸಿದರೆ ಬಲ ಇಮ್ಮಡಿಯಾದೀತು, ಬಿಸಿ ಮಾತ್ರ ನಾಲ್ಮಡಿ. “ಇನ್ನು ಸಾಕು ಗುರುಗಳೇ, ಸುಟ್ಟೀತು” ಎಂದು ಬಿಚ್ಚಿಸಿದನು. ಇನ್ನೂ ಹತ್ತು ಮೆಟ್ಟಿಲು ಹೋಗೋಣವೆಂದು ಹಟಮಾಡಿದವನು ನಾನು.

ಬಿಸಿಯನ್ನು ಹೊರಗೆ ಸಾಗಿಸುವ ಬಗೆಯನ್ನು ಅವನೀಗ ಯೋಚಿಸುತ್ತಿದ್ದಾನೆ. ಮೆಟ್ಟಿಲುಗಳ ಎತ್ತರ ಒಂದೇ ಸಮನಾಗಿಲ್ಲದ ಕಾರಣ, ಮೊದಲ ಇನ್ನೂರನ್ನು ಅಳೆದು ಬರೆದುಕೊಡುವ ಕೆಲಸವನ್ನು ನನಗೊಪ್ಪಿಸಿದ್ದಾನೆ. ಭಾನುವಾರಗಳಂದು ಅಡಿಪಟ್ಟಿ ಹಿಡಿದು, ಕುಳಿತೆದ್ದು ಅಳೆಯುತ್ತಿದ್ದೇನೆ. ನೂರ ಹನ್ನೆರಡು ಮುಗಿದಿವೆ.