ಹೊಸ ಪಂಪು, ಹಳೆಯ ಪೆಟ್ಟಿಗೆ

ತಾಳವಾಡಿಯ ಕಡೆಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಟ್ಟದಲ್ಲಿ 27 ಕಡಿದಾದ ತಿರುವುಗಳಿವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ಕೊಳ್ಳೇಗಾಲವು ಮೈಸೂರು ರಾಜ್ಯವನ್ನು ಸೇರಿತು; ತಾಳವಾಡಿಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಹೀಗಾಗಿ ನಮ್ಮ ಮನೆ, ಹೊಲ, ಮಾತು ಘಟ್ಟದ ಮೇಲಿದ್ದರೆ, ಜಿಲ್ಲಾ ಕಚೇರಿಯೂ ದೊಡ್ಡ ಆಸ್ಪತ್ರೆಗಳೂ ಘಟ್ಟದ ಕೆಳಗಿವೆ. ಈ ತಿರುವುಗಳನ್ನು ಹತ್ತಿಳಿಯದೆ ಬಾಳಿದ ತಾಳವಾಡಿಗರು ವಿರಳ. ಆದುದರಿಂದ ಕಾರಿನ ಸ್ಟಿಯರಿಂಗನ್ನು ಕುರಿತ ಬರಹವೊಂದು ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಬರುವುದನ್ನು ನಮ್ಮ ಸಂಘದ ಬಂಧುಗಳು ಅಸಂಗತವೆಂದು ಭಾವಿಸಲಾರರೆಂದು ನಂಬಿದ್ದೇನೆ.

ನಮ್ಮ ಮನೆಯಲ್ಲಿ 1983ರ ಜರ್ಮನ್ ಡೀಸೆಲ್ ಕಾರೊಂದು ಇದೆ. ದಿವಂಗತ ಅಣ್ಣನಿಂದ ನನಗೆ ಬಂದದ್ದು. ತೂಕ ಸುಮಾರು 1,400 ಕಿಲೋ. ನನ್ನ ಶ್ರೀಮತಿಯವರು ಮೂತ್ರಪಿಂಡದ ಚಿಕಿತ್ಸೆಗಾಗಿ ತಿಂಗಳಿಗೆ ಎರಡು ಬಾರಿ ಕೊಯಮತ್ತೂರಿಗೆ ಹೋಗಬೇಕು. ಆ ಕಾರಿನ ಹಿಂದಿನ ಆಸನದಲ್ಲಿ ಅವರು ಕಾಲು ನೀಡಿ ಒರಗಬಹುದು. ಬಾಡಿಗೆಯ ಸಣ್ಣ ಕಾರುಗಳಲ್ಲಿ ಆ ಸೌಕರ್ಯವಿಲ್ಲ. ನಲವತ್ತು ವರ್ಷ ದುಡಿದ ಪವರ್ ಸ್ಟಿಯರಿಂಗ್ ಪಂಪು ಒಂದು ದಿನ ಸವೆದು ನಿಂತಿತು. ಪಂಪು ನಿಂತರೂ ಕಾರು ತಿರುಗುತ್ತದೆ, ಏಕೆಂದರೆ ಚಕ್ರಗಳಿಗೂ ಸ್ಟಿಯರಿಂಗಿಗೂ ಲೋಹದ ಸಂಬಂಧ ಕಡಿಯುವುದಿಲ್ಲ. ಆದರೆ ಎಪ್ಪತ್ತಮೂರರ ನನ್ನ ಭುಜಕ್ಕೆ ಆ ಭಾರ 27 ತಿರುವುಗಳಲ್ಲಿ ಸಲ್ಲುವಂತಿರಲಿಲ್ಲ. ಅದೇ ಮಾದರಿಯ ಪಂಪು ಎಲ್ಲಿಯೂ ದೊರೆಯಲಿಲ್ಲ. ಮಾರಿಬಿಡಿ ಎಂದು ಮಕ್ಕಳು ಹೇಳಿದರು. ಶ್ರೀಮತಿಯವರು ಏನೂ ಹೇಳಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಸತ್ಯಮಂಗಲದಲ್ಲಿ ನನ್ನ ಶಿಷ್ಯನೊಬ್ಬನ ವರ್ಕ್‌ಶಾಪ್ ಇದೆ. ಆತ ಕಾರಿನ ಅಡಿ ನುಸುಳಿ ಪರೀಕ್ಷಿಸಿ, “ಸಾರ್, ಪೆಟ್ಟಿಗೆ ಗಟ್ಟಿಯಾಗಿದೆ. ಪಂಪು ಮಾತ್ರ ಹೋಗಿದೆ. ಈಗಿನ ಪಂಪನ್ನೇ ಹೊಂದಿಸೋಣ, ಆದರೆ ಅವಸರ ಬೇಡ” ಎಂದನು. ಮುಂದಿನ ಹತ್ತು ದಿನ ನಾನು ಅವನ ವಿದ್ಯಾರ್ಥಿಯಾದೆ.

ಈ ಏರ್ಪಾಡಿನ ತತ್ತ್ವ ಸರಳ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಡದಿಂದ ಸ್ಟಿಯರಿಂಗ್ ಪೆಟ್ಟಿಗೆಗೆ ನೂಕುತ್ತದೆ. ಸ್ಟಿಯರಿಂಗ್ ನೇರವಾಗಿರುವಾಗ ಆ ಎಣ್ಣೆ ಸುಮ್ಮನೆ ಸುತ್ತಿ ತೊಟ್ಟಿಗೆ ಮರಳುತ್ತದೆ. ಚಾಲಕನ ಕೈ ತಿರುಗಿಸಿದಾಗ ಪೆಟ್ಟಿಗೆಯೊಳಗಿನ ಕವಾಟ ಎಳ್ಳಷ್ಟು ಸರಿದು, ಪಿಸ್ಟನ್ನಿನ ಒಂದು ಬದಿಗೆ ಎಣ್ಣೆಯನ್ನು ಬಿಡುತ್ತದೆ. ಆ ಬಲವು ಕೈಯ ಬಲಕ್ಕೆ ಕೂಡುತ್ತದೆ. ಕೈ ಕೇಳದೆ ಪಂಪು ನೆರವಾಗದು. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಎಂಬಾತನು 1926ರಲ್ಲಿಯೇ ಪಿಯರ್ಸ್ ಆ್ಯರೋ ಕಾರೊಂದಕ್ಕೆ ಇಂತಹ ವ್ಯವಸ್ಥೆಯನ್ನು ಅಳವಡಿಸಿ ತೋರಿಸಿದ್ದನು. ಆದರೆ ಜನರು ಕೊಳ್ಳಬಹುದಾದ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಕಾಲು ಶತಮಾನ ಕಾದ ಬುದ್ಧಿ ಅದು.

ಹೊಸ ಪಂಪನ್ನು ಕೊಳ್ಳುವುದು ಅರ್ಧ ದಿನದ ಕೆಲಸ. ಅದು ಎಂಜಿನ್ ತಿರುಗುವ ದಿಕ್ಕಿನಲ್ಲಿಯೇ ತಿರುಗುವಂಥದಾಗಿರಬೇಕು, ಅದರ ಪುಲ್ಲಿಯು ಎಂಜಿನ್ನಿನ ಪುಲ್ಲಿಯೊಡನೆ ಒಂದೇ ಗೆರೆಯಲ್ಲಿ ನಿಲ್ಲಬೇಕು. ಈಗಿನ ಪಂಪುಗಳ ಪುಲ್ಲಿ ಹಲವು ಗೆರೆಗಳ ಚಪ್ಪಟೆ ಬೆಲ್ಟಿನದು. ನಮ್ಮದು ಹಳೆಯ ವಿ ಆಕಾರದ ಬೆಲ್ಟು. ಶಿಷ್ಯನು ಲೇತಿನಲ್ಲಿ ಬೇರೆ ಪುಲ್ಲಿಯನ್ನು ಕಡೆದು, ಉಕ್ಕಿನ ಪಟ್ಟಿಯಿಂದ ಬ್ರಾಕೆಟ್ ಮಾಡಿ, ಅಳತೆಪಟ್ಟಿಯನ್ನು ಎರಡು ಪುಲ್ಲಿಗಳಿಗೂ ತಾಗಿಸಿ ನೋಡಿದನು. ಇದೆಲ್ಲ ಕಣ್ಣಿಗೆ ಕಾಣುವ ಕೆಲಸ. ಕಷ್ಟವಿದ್ದದ್ದು ಕಣ್ಣಿಗೆ ಕಾಣದ ಎರಡು ಸಂಗತಿಗಳಲ್ಲಿ: ಒತ್ತಡ ಮತ್ತು ಹರಿವು.

ಕಾರಿನ ಟಯರಿನೊಳಗಿನ ಗಾಳಿಯ ಒತ್ತಡ ಸುಮಾರು 2 ಬಾರ್. ನಮ್ಮ ಪೆಟ್ಟಿಗೆ ತಾಳಬಲ್ಲ ಎಣ್ಣೆಯ ಒತ್ತಡ 80 ಬಾರಿನ ಆಸುಪಾಸು. ಹೊಸ ಪಂಪಿಗೆ ಮಾಪಕವನ್ನು ಜೋಡಿಸಿ ನೋಡಿದಾಗ ಮುಳ್ಳು 110 ಬಾರಿಗೆ ಏರಿತು. “ಹೀಗೇ ಬಿಟ್ಟರೆ ಕೈಗೆ ಬಹಳ ಹಿತವಾಗಿರುತ್ತದೆ ಸಾರ್, ಆದರೆ ಒಳಗಿನ ಸೀಲುಗಳು ಬಾಳುವುದಿಲ್ಲ” ಎಂದನು. ಪಂಪಿನ ಕವಾಟವನ್ನು ಬಿಚ್ಚಿ, ಅದರ ಸ್ಪ್ರಿಂಗನ್ನು ಬಿಗಿಹಿಡಿದ ತಿರುಪಿನ ಅಡಿಗೆ ಕಾಗದದಷ್ಟು ತೆಳುವಾದ ಉಕ್ಕಿನ ವಾಷರನ್ನು ಇಟ್ಟನು. ಸ್ಪ್ರಿಂಗಿನ ಬಿಗಿ ಸಡಿಲಿದಷ್ಟೂ ಕವಾಟ ಕಡಿಮೆ ಒತ್ತಡದಲ್ಲಿಯೇ ತೆರೆದುಕೊಳ್ಳುತ್ತದೆ. ಒಂದು ವಾಷರು, ಪರೀಕ್ಷೆ. ಮತ್ತೊಂದು ವಾಷರು, ಮತ್ತೆ ಪರೀಕ್ಷೆ. ಪ್ರತಿ ಸಲವೂ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಡ ಹಿಡಿಯಬಾರದು, ಎಣ್ಣೆ ಕಾಯುತ್ತದೆ. ಮೂರನೆಯ ವಾಷರಿಗೆ ಮುಳ್ಳು 80ರ ಬಳಿ ನಿಂತಿತು.

ಹರಿವು ಹೆಚ್ಚಾದರೆ ಸ್ಟಿಯರಿಂಗ್ ತೀರ ಹಗುರವಾಗಿ, ರಸ್ತೆಯ ಸುಳಿವೇ ಕೈಗೆ ತಿಳಿಯದಂತಾಗುತ್ತದೆ. ಘಟ್ಟದ ರಸ್ತೆಯಲ್ಲಿ ಅದು ಭಾರಕ್ಕಿಂತ ಅಪಾಯ. ಪಂಪಿನ ಬಾಯಿಯ ರಂಧ್ರವನ್ನು ಕಿರಿದುಗೊಳಿಸಿ ಹರಿವನ್ನು ತಗ್ಗಿಸಿದೆವು.

ಉಳಿದದ್ದು ಕೂಡು. ಹಳೆಯ ಪೆಟ್ಟಿಗೆಯ ಬಾಯಿಯಲ್ಲಿ ಕೊಳವೆಯು ಲೋಹಕ್ಕೆ ಲೋಹ ಒತ್ತಿ ಕೂರುತ್ತದೆ. ಹೊಸ ಪಂಪಿನಲ್ಲಿ ರಬ್ಬರಿನ ಓ-ರಿಂಗ್ ಎಣ್ಣೆಯನ್ನು ತಡೆಯುತ್ತದೆ. ತಿರುಪಿನ ಎಳೆಗಳೂ ಬೇರೆ. ಬಿಗಿಯಾಗಿ ತಿರುಗಿಸಿದರೆ ಒಂದರೊಳಗೊಂದು ಹೋದಂತೆ ತೋರಬಹುದು, ಆದರೆ ಎಳೆ ಹರಿದಿರುತ್ತದೆ. ಬಿಳಿ ಟೇಪು ಸುತ್ತಿ ಬಿಗಿಯಬಾರದೇ ಎಂದು ಕೇಳಿದೆ. ಟೇಪಿನ ಚೂರೊಂದು ಕವಾಟಕ್ಕೆ ಸಿಕ್ಕಿಕೊಂಡರೆ ತಿರುವಿನ ನಡುವೆ ಸ್ಟಿಯರಿಂಗ್ ಕೆಡಬಹುದೆಂದು ಆತ ತಿಳಿಸಿದನು. ಒಂದು ತುದಿಯಲ್ಲಿ ಹಳೆಯ ಎಳೆ, ಇನ್ನೊಂದು ತುದಿಯಲ್ಲಿ ಹೊಸ ಎಳೆ ಇರುವ ಹೆಬ್ಬೆರಳುದ್ದದ ಅಡಾಪ್ಟರನ್ನು ಉಕ್ಕಿನಲ್ಲಿ ಕಡೆಸಿ ತಂದನು. ನಡುವಿನ ಹೋಸ್ ಪೈಪನ್ನು ಅಧಿಕ ಒತ್ತಡಕ್ಕೆಂದೇ ತಯಾರಿಸುವವರಲ್ಲಿ ಯಂತ್ರದಿಂದ ಒತ್ತಿಸಿದೆವು. ಮುಂದಿನ ಚಕ್ರಗಳನ್ನು ಎತ್ತಿ, ಸ್ಟಿಯರಿಂಗನ್ನು ಆ ಕೊನೆಗೂ ಈ ಕೊನೆಗೂ ನಿಧಾನವಾಗಿ ತಿರುಗಿಸುತ್ತ, ತೊಟ್ಟಿಯ ನೊರೆ ಅಡಗುವವರೆಗೆ ಗಾಳಿಯನ್ನು ಹೊರಗೆಡವಿದೆವು. ಬಣ್ಣಾರಿಯ ಸಮತಟ್ಟು ರಸ್ತೆಯಲ್ಲಿ ಎರಡು ದಿನ ಓಡಿಸಿದ ಬಳಿಕವೇ ಆತ ನನ್ನನ್ನು ಘಟ್ಟಕ್ಕೆ ಬಿಟ್ಟದ್ದು.

ಆ ಹೆಬ್ಬೆರಳುದ್ದದ ಉಕ್ಕಿನ ತುಂಡನ್ನು ಕೈಯಲ್ಲಿ ಹಿಡಿದಾಗ ನನಗೆ ನಮ್ಮ ಶಾಲೆಯ ನೆನಪಾಯಿತು. 2006ರ ತಮಿಳು ಕಲಿಕಾ ಕಾಯ್ದೆಯ ಬಳಿಕ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ನಾವಿರುವ ರಾಜ್ಯದ ಭಾಷೆ ನಮ್ಮ ಮಕ್ಕಳಿಗೆ ಬೇಕು. ಕಚೇರಿಗೆ, ಉದ್ಯೋಗಕ್ಕೆ ಅದು ಬಲ. ಆದರೆ ಮನೆಯ ಮಾತಿನಲ್ಲಿ ಆಗತಾನೆ ಅಕ್ಷರ ಹಿಡಿಯುತ್ತಿದ್ದ ಮಗುವಿನ ಮೇಲೆ ಆ ಬಲವು ಅಳತೆಯಿಲ್ಲದೆ ಬಂದಾಗ, ಚೆನ್ನಾಗಿ ಮಾತನಾಡುತ್ತಿದ್ದ ಮಕ್ಕಳೇ ತರಗತಿಯಲ್ಲಿ ಮೌನವಾದುದನ್ನು ನಾನು ಕಂಡಿದ್ದೇನೆ. ಆಗ ನಮ್ಮಲ್ಲಿಗೆ ಬಂದ ತಮಿಳು ಅಧ್ಯಾಪಕಿಯೊಬ್ಬರು ಮೊದಲು ತಾವೇ ಕನ್ನಡ ಅಕ್ಷರಗಳನ್ನು ಕಲಿತರು. ಮಕ್ಕಳು ಕನ್ನಡದಲ್ಲಿ ಹೇಳಿದ ಕಥೆಯನ್ನೇ ಕೇಳಿ, ಅದನ್ನೇ ಹಲಗೆಯ ಮೇಲೆ ತಮಿಳಿನಲ್ಲಿ ಬರೆದರು. ದಿನಕ್ಕೆ ನಾಲ್ಕು ಮಾತು, ಐದಲ್ಲ. ವರ್ಷ ಕಳೆಯುವಷ್ಟರಲ್ಲಿ ಮಕ್ಕಳು ಎರಡೂ ಭಾಷೆಯಲ್ಲಿ ಓದುತ್ತಿದ್ದರು. ಕಾಯ್ದೆಗಳು ಬರುತ್ತವೆ, ಪಠ್ಯಗಳು ಬದಲಾಗುತ್ತವೆ. ಎರಡೂ ಕಡೆಯ ಎಳೆಯನ್ನು ಬಲ್ಲ ಇಂತಹವರು ನಡುವೆ ಇದ್ದರೆ ಏನೂ ಹರಿಯುವುದಿಲ್ಲ. ಗಡಿನಾಡಿನಲ್ಲಿ ಹುಟ್ಟಿದ ನಮ್ಮ ತರುಣರು ಆ ಕೆಲಸಕ್ಕೆ ಸ್ವಭಾವದಿಂದಲೇ ಅರ್ಹರು. ಅಧ್ಯಾಪನ ವೃತ್ತಿಗೆ ಅವರು ಇನ್ನೂ ಹೆಚ್ಚಾಗಿ ಬರಬೇಕೆಂಬುದು ನನ್ನ ಪ್ರಾರ್ಥನೆ.

ಹಳೆಯ ವಾಹನವನ್ನು ಉಳಿಸಿಕೊಂಡಿರುವ ಬಂಧುಗಳಿಗೆ ಕೊನೆಯದಾಗಿ ಎರಡು ಮಾತು. ಪಂಪಿಗೂ ಪೆಟ್ಟಿಗೆಗೂ ಒಪ್ಪುವ ಒಂದೇ ಜಾತಿಯ ಎಣ್ಣೆಯನ್ನು ಬಳಸಿರಿ, ಬೆರಸಬೇಡಿರಿ. ತಿಂಗಳಿಗೊಮ್ಮೆ ರಾತ್ರಿ ಕಾರಿನ ಕೆಳಗೆ ಬಿಳಿಯ ಕಾಗದವನ್ನು ಹಾಸಿ, ಬೆಳಗ್ಗೆ ನೋಡಿರಿ. ಸೋರಿಕೆ ಮೊದಲು ಕಾಣಿಸಿಕೊಳ್ಳುವುದು ಕೂಡಿನಲ್ಲಿ. ಒಂದು ಹನಿ ಬಿದ್ದಿದ್ದರೂ ಘಟ್ಟ ಇಳಿಯುವ ಮುನ್ನ ಬಿಗಿ ಮಾಡಿಸಿರಿ.